ಲಿವರ್ ಮತ್ತು ಜೀರ್ಣಾಂಗ ಕಾಯಿಲೆಗಳ ಕ್ಲಿನಿಕಲ್ ಟ್ರಯಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಬ್ಬಿನ ಲಿವರ್, ಸಿರೋಸಿಸ್ (ಗಾಯದ ನಾರು ತುಂಬಿ ಲಿವರ್ ಗಡುಸಾಗುವುದು), ಹೆಪಟೈಟಿಸ್ (ಲಿವರ್‌ನ ಉರಿಯೂತ), ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣು, ಉರಿಯೂತ). ಇವುಗಳಲ್ಲಿ ಯಾವುದಕ್ಕಾದರೂ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳುತ್ತಿದ್ದರೆ “ನಮ್ಮಲ್ಲಿ ಒಂದು ಸ್ಟಡಿ ನಡೀತಿದೆ, ಸೇರ್ತೀರಾ?” ಎಂಬ ಮಾತು ಕಿವಿಗೆ ಬೀಳಬಹುದು. ಹೂಂ ಅನ್ನುವುದಕ್ಕೂ ಒಲ್ಲೆ ಅನ್ನುವುದಕ್ಕೂ ಮೊದಲು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ. ರೋಗಿಗಳೂ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಬರುವ ಮನೆಯವರೂ ಕೇಳುವ ಪ್ರಶ್ನೆಗಳನ್ನೇ ತೆಗೆದುಕೊಂಡಿದ್ದೇವೆ.

ಟ್ರಯಲ್‌ಗೆ ಸೇರಿದರೆ ಹೊಸ ಚಿಕಿತ್ಸೆ ಸಿಕ್ಕ ಹಾಗೇನಾ?

ಅಲ್ಲ. ಉತ್ತರ ಇನ್ನೂ ಯಾರಿಗೂ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಲೆಕ್ಕವಿಟ್ಟು ಕೇಳುವುದಕ್ಕೆ ಟ್ರಯಲ್ ಅನ್ನುತ್ತಾರೆ. ಹೊರರೋಗಿ ವಿಭಾಗದಲ್ಲಿ ವೈದ್ಯರು ನಿಮ್ಮನ್ನು ನೋಡಿ ಮಾತ್ರೆಯ ಪ್ರಮಾಣ ಏರಿಸುತ್ತಾರೆ, ಇಳಿಸುತ್ತಾರೆ, ಬೇಡವೆನಿಸಿದರೆ ಬದಲಿಸುತ್ತಾರೆ. ಟ್ರಯಲ್‌ನಲ್ಲಿ ಪ್ರಮಾಣ, ಭೇಟಿಯ ದಿನ, ರಕ್ತ ತೆಗೆಯುವ ಸಮಯ ಎಲ್ಲವೂ ಮೊದಲೇ ಬರೆದಿಟ್ಟ ಪ್ರೋಟೊಕಾಲ್‌ನಂತೆ ನಡೆಯುತ್ತವೆ. ಔಷಧ ಕೆಲಸ ಮಾಡಬಹುದು, ಮಾಡದಿರಬಹುದು, ತೊಂದರೆಯನ್ನೂ ಕೊಡಬಹುದು. ಈ ಮೂರೂ ಸಾಧ್ಯ ಎಂದು ಒಪ್ಪಿಕೊಂಡವರು ಸೇರಬಹುದು. “ಇದು ವಿದೇಶದಿಂದ ಬಂದ ಒಳ್ಳೆಯ ಮಾತ್ರೆ, ನಿಮಗೆ ಫ್ರೀಯಾಗಿ ಕೊಡ್ತಿದೀವಿ” ಎಂದಷ್ಟೇ ಯಾರಾದರೂ ಹೇಳಿದರೆ ಅವರು ಅರ್ಧ ಮಾತನ್ನೇ ಹೇಳಿದ್ದಾರೆ.

ಕಾಮಾಲೆಗೆ ನಾಟಿ ಔಷಧ ತಗೊಂಡು ಎಷ್ಟೋ ಜನ ವಾಸಿಯಾಗಿದ್ದಾರೆ. ಅದಕ್ಕೂ ಟ್ರಯಲ್ ಬೇಕಾ?

ಬೇಕು. ಹೋಲಿಕೆ ಗುಂಪು ಏಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಅರಿಶಿನ ಕಾಮಾಲೆ ಎನ್ನುವುದು ರೋಗದ ಹೆಸರಲ್ಲ, ಲಕ್ಷಣ. ಹೆಪಟೈಟಿಸ್ ಎ ಇಂದ ಬಂದ ಕಾಮಾಲೆ ಬಹುತೇಕ ಎಲ್ಲರಲ್ಲೂ ಕೆಲವು ವಾರಗಳಿಂದ ಎರಡು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ. ಆ ಅವಧಿಯಲ್ಲಿ ಸೊಪ್ಪಿನ ರಸ ಕುಡಿದವರೂ ವಾಸಿಯಾಗುತ್ತಾರೆ, ಬರೀ ಗಂಜಿ ಕುಡಿದವರೂ ವಾಸಿಯಾಗುತ್ತಾರೆ. ಔಷಧ ಕೊಟ್ಟವರನ್ನು ಮಾತ್ರ ಎಣಿಸಿದರೆ ಗೆಲುವೆಲ್ಲ ಔಷಧದ್ದೇ ಎನಿಸುತ್ತದೆ. ಅದೇ ಕಾಮಾಲೆ ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಇಂದ ಬಂದಿದ್ದರೆ ಜೀವಕ್ಕೇ ಅಪಾಯ. ಅಲ್ಲಿ ನಾಟಿ ಔಷಧಕ್ಕಾಗಿ ಊರೂರು ಅಲೆದ ಎರಡು ದಿನವೇ ಪ್ರಾಣ ತೆಗೆಯಬಹುದು.

ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ನೆಲನೆಲ್ಲಿಯ ಕಥೆಯನ್ನು ನೋಡಿ. 1988ರಲ್ಲಿ ಚೆನ್ನೈನ ಸಂಶೋಧಕರ ತಂಡವೊಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟಾಗ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್‌ನ ಮೇಲ್ಮೈ ಪ್ರತಿಜನಕ (ಸೋಂಕು ಇದೆ ಎಂದು ತೋರಿಸುವ ಪ್ರೋಟೀನ್) ಮಾಯವಾಗಿತ್ತು. ಪ್ಲಸಿಬೊ, ಅಂದರೆ ಔಷಧವಿಲ್ಲದ ಖಾಲಿ ಮದ್ದು, ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಈ ಪ್ರತಿಜನಕ ತಾನಾಗಿ ಹೋಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೋ ಅದಕ್ಕೂ ಕಡಿಮೆಯೋ. ಹಾಗಾಗಿ 59 ಶೇಕಡ ಎಂಬುದು ಜಗತ್ತೇ ತಿರುಗಿ ನೋಡುವ ಸುದ್ದಿಯಾಗಿತ್ತು. ಆಮೇಲೆ ಬೇರೆ ದೇಶಗಳಲ್ಲಿ ಅದನ್ನೇ ಮಾಡಿ ನೋಡಿದವರಿಗೆ ಆ ಫಲ ಸಿಗಲಿಲ್ಲ. ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ ನೋಡಿದ ವಿಮರ್ಶೆಗಳಲ್ಲೂ ಆ ಲಾಭಕ್ಕೆ ಗಟ್ಟಿ ಆಧಾರ ಕಾಣಲಿಲ್ಲ. ಚೆನ್ನೈನವರು ಪ್ಲಸಿಬೊ ಗುಂಪು ಇಟ್ಟು ಸರಿಯಾದ ದಾರಿಯಲ್ಲೇ ಹೆಜ್ಜೆ ಇಟ್ಟಿದ್ದರು. ಗುಂಪು ಚಿಕ್ಕದಿತ್ತು, ಅವಧಿ ಕಿರಿದಿತ್ತು. ಪುನರಾವರ್ತನೆ ಎಂಬ ಎರಡನೇ ಹೆಜ್ಜೆ ಇಲ್ಲದೆ ಉತ್ತರ ಪೂರ್ತಿಯಾಗುವುದಿಲ್ಲ.

ಗಿಡಮೂಲಿಕೆ ಎಂದ ಮಾತ್ರಕ್ಕೆ ಲಿವರ್‌ಗೆ ಹಿತ ಎಂದೂ ಅಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ 43 ರೋಗಿಗಳ ವಿವರವನ್ನು ಭಾರತದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ 2022ರಲ್ಲಿ ಪ್ರಕಟಿಸಿದರು. ಆದ್ದರಿಂದಲೇ ಟ್ರಯಲ್‌ಗೆ ಸೇರುವಾಗ ಕಷಾಯ, ಲೇಹ್ಯ, ಪ್ರೋಟೀನ್ ಪುಡಿ ಎಲ್ಲವನ್ನೂ ಹೇಳಿ ಎಂದು ಒತ್ತಾಯಿಸುತ್ತಾರೆ. ಮುಚ್ಚಿಟ್ಟರೆ, ನಾಳೆ ರಕ್ತದಲ್ಲಿ ಲಿವರ್ ಎಂಜೈಮ್ (ಲಿವರ್‌ಗೆ ಪೆಟ್ಟಾದಾಗ ಹೆಚ್ಚುವ ಅಂಶ) ಏರಿದಾಗ ತಪ್ಪು ಯಾವುದರದು ಎಂದು ತಿಳಿಯುವುದೇ ಇಲ್ಲ.

ನನಗೆ ಪ್ಲಸಿಬೊ ಬಂದರೆ ಸಕ್ಕರೆ ಮಾತ್ರೆ ಕೊಟ್ಟು ಕೈಬಿಟ್ಟ ಹಾಗಲ್ಲವೇ?

ಸರಿಯಾಗಿ ರೂಪಿಸಿದ ಟ್ರಯಲ್‌ನಲ್ಲಿ ಹಾಗಾಗುವುದಿಲ್ಲ. ಈಗಾಗಲೇ ಒಪ್ಪಿತವಾದ ಚಿಕಿತ್ಸೆ ಇದ್ದರೆ ಅದು ಎರಡೂ ಗುಂಪಿಗೆ ಸಿಗಬೇಕು. ಅದರ ಮೇಲೆ ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ. ಅದು ವೈದ್ಯರಿಗೂ ತಿಳಿದಿರುವುದಿಲ್ಲ. ತುರ್ತು ಸಂದರ್ಭದಲ್ಲಿ ಮಾತ್ರ ಸಂಕೇತ ಒಡೆದು ನೋಡುವ ವ್ಯವಸ್ಥೆ ಇರುತ್ತದೆ. ಅದಕ್ಕಾಗಿ ಕರೆ ಮಾಡಬೇಕಾದ ದೂರವಾಣಿ ಸಂಖ್ಯೆ ಇರುವ ಕಾರ್ಡನ್ನು ಪರ್ಸ್‌ನಲ್ಲಿಟ್ಟುಕೊಳ್ಳಿ. ರಾತ್ರಿ ಬೇರೆ ಊರಿನ ಆಸ್ಪತ್ರೆಗೆ ಸೇರಬೇಕಾಗಿ ಬಂದಾಗ ಅದೊಂದೇ ಉಪಯೋಗಕ್ಕೆ ಬರುವುದು.

ಖಾಲಿ ಮಾತ್ರೆಯಿಂದಲೂ ಜನ ಸುಧಾರಿಸುತ್ತಾರೆ. ಕೊಬ್ಬಿನ ಲಿವರ್ ಟ್ರಯಲ್‌ಗೆ ಸೇರಿದವರು ತಿಂಗಳಿಗೊಮ್ಮೆ ತೂಕ ನೋಡಿಸಿಕೊಳ್ಳುತ್ತಾರೆ, ಸಂಜೆ ನಡೆಯಲು ಶುರುಮಾಡುತ್ತಾರೆ, ಕುಡಿತ ತಗ್ಗಿಸುತ್ತಾರೆ. ಮೈತೂಕದ 7ರಿಂದ 10 ಶೇಕಡ ಇಳಿದರೇ ಲಿವರ್‌ನ ಉರಿಯೂತ ತಗ್ಗಬಲ್ಲದು.

“ಔಷಧ ಯಶಸ್ವಿ” ಎಂದು ಪತ್ರಿಕೆಯಲ್ಲಿ ಬಂದರೆ ಅದನ್ನು ಹೇಗೆ ಓದಬೇಕು?

ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ರೆಸ್ಮೆಟಿರಾಮ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಕೊಬ್ಬಿನಿಂದ ಉರಿಯೂತವೂ ಗಾಯದ ನಾರೂ ಬೆಳೆದ ಲಿವರ್‌ಗೆ ಅಲ್ಲಿ ಸಿಕ್ಕ ಮೊದಲ ಒಪ್ಪಿಗೆ ಅದು. 966 ಜನರ ಆ ಟ್ರಯಲ್‌ನಲ್ಲಿ 52 ವಾರಗಳ ನಂತರ 100 ಮಿಲಿಗ್ರಾಂ ಪಡೆದವರಲ್ಲಿ ಶೇ. 29.9 ಮಂದಿಗೆ ಉರಿಯೂತ ಶಮನವಾಗಿತ್ತು, ಪ್ಲಸಿಬೊ ಗುಂಪಿನಲ್ಲಿ ಶೇ. 9.7 ಮಂದಿಗೆ. ನಾರು ಕಡಿಮೆಯಾದದ್ದು ಶೇ. 25.9 ಮತ್ತು ಶೇ. 14.2 ಮಂದಿಗೆ. ಅಂದರೆ ನೂರು ಜನ ಒಂದು ವರ್ಷ ಮಾತ್ರೆ ನುಂಗಿದರೆ ಅದರಿಂದಲೇ ಉರಿಯೂತ ಹೋಗುವುದು ಸುಮಾರು ಇಪ್ಪತ್ತು ಜನಕ್ಕೆ, ನಾರು ತಗ್ಗುವುದು ಸುಮಾರು ಹನ್ನೆರಡು ಜನಕ್ಕೆ. ಒಪ್ಪಿಗೆ ಪಡೆದ ಬೇರೆ ಮದ್ದು ಅಲ್ಲಿ ಇಲ್ಲದಿದ್ದ ಕಾಯಿಲೆಗೆ ಇದು ನಿಜಕ್ಕೂ ದೊಡ್ಡದು. ಪತ್ರಿಕೆಯ ತಲೆಬರಹದಷ್ಟು ದೊಡ್ಡದಲ್ಲ, ಅಷ್ಟೇ.

ಒಂದು ಟ್ರಯಲ್‌ನ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯ ಜೊತೆ ನೇರವಾಗಿ ತೂಗಬೇಡಿ. ಅದೇ ಕಾಯಿಲೆಗೆ ಸೆಮಗ್ಲುಟೈಡ್ ಚುಚ್ಚುಮದ್ದಿನ ಟ್ರಯಲ್‌ನಲ್ಲಿ 72 ವಾರಕ್ಕೆ ಉರಿಯೂತ ಶಮನವಾದದ್ದು ಶೇ. 62.9, ಪ್ಲಸಿಬೊದಲ್ಲಿ ಶೇ. 34.3. ಪ್ಲಸಿಬೊ ಗುಂಪುಗಳ ನಡುವೆಯೇ ಇಷ್ಟು ಅಂತರ ಇದೆಯಲ್ಲ! ಅವಧಿ ಬೇರೆ, ಸೇರಿದ ಜನ ಬೇರೆ, ಬಯಾಪ್ಸಿ (ಲಿವರ್‌ನಿಂದ ತೆಗೆದ ಚೂರಿನ ಪರೀಕ್ಷೆ) ಓದಿದವರು ಬೇರೆ, ಎಣಿಸಿದ ರೀತಿ ಬೇರೆ. 63 ದೊಡ್ಡದು, 30 ಚಿಕ್ಕದು ಎಂದು ಗೆದ್ದವರನ್ನು ಆರಿಸಲು ಬರುವುದಿಲ್ಲ.

ಒಂದು ಒಳ್ಳೆಯ ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ ಎಂದಾದರೆ ಸಾಲದೇ?

ಸಾಲದು. ಸಿರೋಸಿಸ್ ಇದ್ದವರಿಗೆ ಲಿವರ್ ಹಠಾತ್ತಾಗಿ ಕೈಕೊಟ್ಟಾಗ ಬಿಳಿರಕ್ತಕಣ ಹೆಚ್ಚಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದು ಕೊಟ್ಟರೆ ಹೇಗೆ ಎಂದು ದೆಹಲಿಯ ಸಂಶೋಧಕರು 47 ರೋಗಿಗಳಲ್ಲಿ ನೋಡಿದರು. 2012ರಲ್ಲಿ ಬಂದ ಫಲಿತಾಂಶದಂತೆ ಚುಚ್ಚುಮದ್ದು ಪಡೆದ 23 ಜನರಲ್ಲಿ 16 ಜನ ಉಳಿದರು, ಪಡೆಯದ 24 ಜನರಲ್ಲಿ 7 ಜನ. ಹಲವೆಡೆ ವೈದ್ಯರು ಬಳಸಲೂ ತೊಡಗಿದರು. ಜರ್ಮನಿಯ ಹಲವು ಕೇಂದ್ರಗಳಲ್ಲಿ 176 ರೋಗಿಗಳ ಮೇಲೆ ಮತ್ತೆ ನೋಡಿದಾಗ 90 ದಿನಕ್ಕೆ ಲಿವರ್ ಕಸಿಯಿಲ್ಲದೆ ಬದುಕಿದ್ದವರು ಔಷಧದ ಗುಂಪಿನಲ್ಲಿ ಶೇ. 34.1, ಇನ್ನೊಂದರಲ್ಲಿ ಶೇ. 37.5. ಲಾಭ ಕಾಣುವುದಿಲ್ಲವೆಂದು ಆ ಟ್ರಯಲನ್ನು ನಡುವೆಯೇ ನಿಲ್ಲಿಸಿದರು. ರೋಗದ ಮೂಲ ಬೇರೆಯಿರಬಹುದು, ಸೇರಿದವರ ಸ್ಥಿತಿ ಬೇರೆಯಿರಬಹುದು. ಆದರೆ 47 ಜನರ ಲೆಕ್ಕದಲ್ಲಿ ನಾಲ್ಕೈದು ಮಂದಿ ಆಚೀಚೆ ಆದರೂ ಚಿತ್ರವೇ ಬದಲಾಗುತ್ತದೆ ಎಂಬುದು ಇದರಿಂದ ಕಾಣುತ್ತದೆ.

ಆಲ್ಬುಮಿನ್‌ನದೂ ಹೀಗೆಯೇ. ಜಲೋದರ (ಹೊಟ್ಟೆಯಲ್ಲಿ ನೀರು) ಇರುವ ಸಿರೋಸಿಸ್ ರೋಗಿಗಳಿಗೆ ಈ ರಕ್ತದ ಪ್ರೋಟೀನನ್ನು ವಾರಕ್ಕೊಮ್ಮೆ 40 ಗ್ರಾಂನಂತೆ ತಿಂಗಳುಗಟ್ಟಲೆ ಕೊಟ್ಟ ಇಟಲಿಯ 2018ರ ಟ್ರಯಲ್‌ನಲ್ಲಿ ಹೆಚ್ಚು ಜನ ಬದುಕಿದರು. ಆಸ್ಪತ್ರೆಗೆ ದಾಖಲಾದ 777 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತದ ಆಲ್ಬುಮಿನ್ ಮಟ್ಟವನ್ನು ಲೀಟರಿಗೆ 30 ಗ್ರಾಂ ಮುಟ್ಟಿಸಲು ದಿನವೂ ಕೊಟ್ಟ ಬ್ರಿಟನ್ನಿನ 2021ರ ಟ್ರಯಲ್‌ನಲ್ಲಿ ಲಾಭ ಸಿಗಲಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿದವರು ಹೆಚ್ಚಾದರು. ಒಂದೇ ಬಾಟಲಿ, ಎರಡು ಉತ್ತರ. ಯಾರಿಗೆ, ಯಾವಾಗ, ಎಷ್ಟು ಎಂಬುದೂ ಔಷಧದ ಭಾಗವೇ.

ನಿಜವಾದ ಟ್ರಯಲ್ ಹೌದೋ ಅಲ್ಲವೋ ಎಂದು ಹೇಗೆ ನೋಡುವುದು?

ಸಿಟಿಆರ್‌ಐ ಸಂಖ್ಯೆ ಕೇಳಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಡಿಯಲ್ಲಿ ನಡೆಯುವ ಈ ರಾಷ್ಟ್ರೀಯ ನೋಂದಣಿ ತಾಣ 2007ರ ಜುಲೈನಿಂದ ಇದೆ. ಯಾರು ಬೇಕಾದರೂ ಉಚಿತವಾಗಿ ತೆರೆದು ಓದಬಹುದು. ಸಂಖ್ಯೆಯಲ್ಲೇ ನೋಂದಣಿಯ ವರ್ಷ, ತಿಂಗಳು ಇರುತ್ತವೆ. ತೆರೆದ ಮೇಲೆ ನಾಲ್ಕು ಕಡೆ ಕಣ್ಣಾಡಿಸಿ. ನಿಮ್ಮ ಆಸ್ಪತ್ರೆ ಮತ್ತು ನಿಮ್ಮ ವೈದ್ಯರ ಹೆಸರು ಕೇಂದ್ರಗಳ ಪಟ್ಟಿಯಲ್ಲಿ ಇದೆಯೇ? ಆ ಕೇಂದ್ರದ ಎಥಿಕ್ಸ್ ಕಮಿಟಿ (ರೋಗಿಗಳ ಹಕ್ಕು, ಸುರಕ್ಷತೆ ಕಾಯುವ ಸಮಿತಿ) ಒಪ್ಪಿದೆಯೇ? ಮೊದಲ ರೋಗಿಯನ್ನು ಸೇರಿಸಿದ ದಿನ ನೋಂದಣಿಯ ದಿನಕ್ಕಿಂತ ಹಿಂದಿನದೇ? 2018ರ ಏಪ್ರಿಲ್‌ನಿಂದ ಈಚೆಗೆ ಮೊದಲು ನೋಂದಣಿ, ಆಮೇಲೆಯೇ ಸೇರ್ಪಡೆ ಎಂಬುದು ಕಡ್ಡಾಯ. ಕೊನೆಯದಾಗಿ, ಮುಖ್ಯ ಫಲಿತಾಂಶ ಎಂದು ಏನನ್ನು ಬರೆದಿದ್ದಾರೆ? ಬದುಕುಳಿಯುವಿಕೆಯೋ, ಬಯಾಪ್ಸಿಯೋ, ಬರೀ ರಕ್ತದ ಎಂಜೈಮ್ ಇಳಿಕೆಯೋ? ಎಂಜೈಮ್ ಇಳಿದರೆ ಲಿವರ್ ಸರಿಯಾಯಿತು ಎಂದೇನಲ್ಲ. ಸಿರೋಸಿಸ್ ಬಲಿತ ಲಿವರ್‌ನಲ್ಲೂ ಎಂಜೈಮ್ ಸಾಮಾನ್ಯ ಮಟ್ಟದಲ್ಲಿರಬಹುದು.

ಹೊಸ ಔಷಧವಾದರೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿಯೂ ಇರಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು, ಒಬ್ಬ ಸಾಮಾನ್ಯ ನಾಗರಿಕರೂ ಒಬ್ಬ ಮಹಿಳೆಯೂ ಇರಲೇಬೇಕು.

ಸ್ಟೆಮ್ ಸೆಲ್ ಹಾಕಿ ಸಿರೋಸಿಸ್ ವಾಸಿಮಾಡುತ್ತೇವೆ, ಇಷ್ಟು ಲಕ್ಷ ಆಗುತ್ತದೆ ಎನ್ನುತ್ತಾರೆ. ಸೇರಬಹುದೇ?

ಬೇಡ. ಸಿರೋಸಿಸ್‌ಗೆ ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಇನ್ನೂ ಸಂಶೋಧನೆಯ ವಿಷಯ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಅದನ್ನು ಅನುಮತಿ ಪಡೆದ ಟ್ರಯಲ್‌ನೊಳಗೆ ಮಾತ್ರ ಕೊಡಬೇಕು, ಅದಕ್ಕೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಪ್ರಯೋಗದ ಔಷಧಕ್ಕೆ ಬಿಲ್ ಕೊಟ್ಟರು ಎಂದರೆ ಅಲ್ಲೇ ಎದ್ದುಬನ್ನಿ. ಆಸ್ತಿ ಮಾರಿ ಕಟ್ಟಿದ ಹಣ, ಅದಕ್ಕಿಂತ ಮಿಗಿಲಾಗಿ ಕಸಿಗೆ ಹೆಸರು ನೋಂದಾಯಿಸಬೇಕಿದ್ದ ತಿಂಗಳುಗಳು, ಎರಡೂ ಮರಳಿ ಬರುವುದಿಲ್ಲ.

ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾವನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯ ಮೇಲೆ ಒಳ್ಳೆಯ ಸಂಶೋಧನೆ ನಡೆಯುತ್ತಿದೆ. ಆದರೆ ದಾನಿಯ ತಪಾಸಣೆ ಸಡಿಲವಾದರೆ ಏನಾಗುತ್ತದೆ ಎಂಬುದು 2019ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು: ಔಷಧಕ್ಕೆ ಬಗ್ಗದ ಇ. ಕೊಲೈ ಇಬ್ಬರು ರೋಗಿಗಳಿಗೆ ದಾಟಿ ಒಬ್ಬರು ತೀರಿಕೊಂಡರು. ದಾನಿಯನ್ನು ಯಾವ ಯಾವ ಸೋಂಕಿಗೆ ಪರೀಕ್ಷಿಸಿದ್ದೀರಿ ಎಂದು ಕೇಳುವ ಹಕ್ಕು ನಿಮಗಿದೆ.

ಎಲ್ಲ ಪರೀಕ್ಷೆ ಮಾಡಿಸಿ ಆಮೇಲೆ “ನೀವು ಆಗಲ್ಲ” ಅಂದರು. ಯಾಕೆ?

ಸ್ಕ್ರೀನಿಂಗ್ ಎಂಬ ಜರಡಿ ಬಹಳ ಸಣ್ಣದು. ಸಾಮಾನ್ಯ ಕಾರಣಗಳು ಇವು.

ಕುಡಿತ. ಕೊಬ್ಬಿನ ಲಿವರ್ ಟ್ರಯಲ್‌ಗಳಲ್ಲಿ ಗಂಡಸರಿಗೆ ದಿನಕ್ಕೆ ಸರಾಸರಿ 30 ಗ್ರಾಂ, ಹೆಂಗಸರಿಗೆ 20 ಗ್ರಾಂ ಶುದ್ಧ ಆಲ್ಕೋಹಾಲ್ ಸಾಮಾನ್ಯವಾದ ಮಿತಿ. ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಶೇ. 42.8 ತೀವ್ರತೆಯ ವಿಸ್ಕಿಯ 60 ಮಿಲಿ ಸುಮಾರು 20 ಗ್ರಾಂ, “ನೈಂಟಿ” ಸುಮಾರು 30 ಗ್ರಾಂ, ಒಂದು ಕ್ವಾರ್ಟರ್ ಸುಮಾರು 60 ಗ್ರಾಂ. ಶೇ. 5ರ ಬಿಯರಿನ 650 ಮಿಲಿ ಬಾಟಲಿ 25 ಗ್ರಾಂ ದಾಟುತ್ತದೆ. “ಸ್ವಲ್ಪವೇ ತಗೋತೀನಿ” ಎಂದು ಬರೆಸಿದರೆ ಪಿಇಟಿಎಚ್ ಎಂಬ ರಕ್ತ ಪರೀಕ್ಷೆ ಹಿಂದಿನ ಎರಡರಿಂದ ನಾಲ್ಕು ವಾರಗಳ ಕುಡಿತವನ್ನು ತೋರಿಸಿಬಿಡುತ್ತದೆ. ನಿಜ ಹೇಳಿದರೆ ಬೈಗುಳವಿಲ್ಲ, ಬೇರೆ ಟ್ರಯಲ್ ಹೊಂದಬಹುದು.

ನಾರಿನ ಪ್ರಮಾಣ. ಮೊದಲ ಜರಡಿ ಫಿಬ್-4 ಲೆಕ್ಕ (ಇದರಲ್ಲಿ ಬರುವ ಎಎಸ್‌ಟಿ, ಎಎಲ್‌ಟಿ ಎರಡೂ ರಕ್ತದಲ್ಲಿ ಅಳೆಯುವ ಲಿವರ್ ಎಂಜೈಮ್‌ಗಳು): ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸುವುದು. 52 ವರ್ಷ, ಎಎಸ್‌ಟಿ 60, ಎಎಲ್‌ಟಿ 64, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಎಂದರೆ ಪ್ಲೇಟ್‌ಲೆಟ್ಟನ್ನು 150 ಎಂದು ಹಿಡಿದು 3120 ಭಾಗಿಸು 1200, ಅಂದರೆ 2.6. 1.3ಕ್ಕಿಂತ ಕೆಳಗಿದ್ದರೆ ಹೆಚ್ಚು ನಾರು ಇರುವ ಸಾಧ್ಯತೆ ಕಡಿಮೆ, 2.67 ದಾಟಿದರೆ ಹೆಚ್ಚು. ಈ ಲೆಕ್ಕ ಸುಲಭವಾಗಿ ದಾರಿತಪ್ಪುತ್ತದೆ. ಹಿಂದಿನ ದಿನ ಜಿಮ್‌ನಲ್ಲಿ ಭಾರ ಎತ್ತಿದ್ದರೆ ಸ್ನಾಯುವಿನಿಂದ ಎಎಸ್‌ಟಿ ಏರುತ್ತದೆ. ರಕ್ತ ತೆಗೆಯುವಾಗ ಕೆಂಪು ರಕ್ತಕಣ ಒಡೆದರೂ ಏರುತ್ತದೆ. ಕೆಲವರ ಪ್ಲೇಟ್‌ಲೆಟ್ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕ) ಟ್ಯೂಬಿನಲ್ಲಿ ಗುಂಪುಗಟ್ಟಿ ಯಂತ್ರಕ್ಕೆ ಕಡಿಮೆ ಕಾಣುತ್ತದೆ. ಅನುಮಾನ ಬಂದರೆ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಬೇಕು.

ಮುಚ್ಚಿಕೊಂಡ ಸೋಂಕು. ಕರುಳಿನ ಉರಿಯೂತದ ಟ್ರಯಲ್‌ಗಳಲ್ಲಿ ಕೊಡುವ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಮಲಗಿದ್ದ ಕ್ಷಯ, ಹೆಪಟೈಟಿಸ್ ಬಿ ಏಳಬಹುದು. ಅದಕ್ಕೇ ಎದೆಯ ಎಕ್ಸ್‌ರೇ, ಕ್ಷಯದ ಇಗ್ರಾ ಪರೀಕ್ಷೆ, ಹೆಪಟೈಟಿಸ್ ಬಿ ಯ ಮೇಲ್ಮೈ ಪ್ರತಿಜನಕದ ಜೊತೆಗೆ ಹಳೆಯ ಸೋಂಕಿನ ಗುರುತಾದ ಕೋರ್ ಪ್ರತಿಕಾಯವನ್ನೂ ನೋಡುತ್ತಾರೆ. ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯ ಮತ್ತು ಕರುಳಿನ ಉರಿಯೂತದ ಇನ್ನೊಂದು ಬಗೆಯಾದ ಕ್ರೋನ್ಸ್ ಕಾಯಿಲೆ ಬಯಾಪ್ಸಿಯಲ್ಲೂ ಅವಳಿಗಳಂತೆ ಕಾಣಬಹುದು. ಗೊತ್ತಾಗದಿದ್ದಾಗ ಮೊದಲು ಕೆಲವು ವಾರ ಕ್ಷಯದ ಮಾತ್ರೆ ಕೊಟ್ಟು, ಹುಣ್ಣು ಮಾಯಿತೇ ಎಂದು ಕೊಲೊನೋಸ್ಕೋಪಿಯಲ್ಲಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ) ಮತ್ತೆ ನೋಡುತ್ತಾರೆ. ಈ ತೀರ್ಮಾನವಾಗದೆ ಟ್ರಯಲ್‌ಗೆ ಸೇರಿಸುವುದು ತಪ್ಪು.

ಫೈಬ್ರೊಸ್ಕ್ಯಾನ್, ಬಯಾಪ್ಸಿ, ಕೊಲೊನೋಸ್ಕೋಪಿಗೆ ಹೇಗೆ ತಯಾರಾಗಬೇಕು?

ಫೈಬ್ರೊಸ್ಕ್ಯಾನ್‌ಗೆ (ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಸ್ಕ್ಯಾನ್) ಮೊದಲು ಕನಿಷ್ಠ ಮೂರು ಗಂಟೆ ಏನೂ ತಿನ್ನಬೇಡಿ. ಕಾಫಿ, ಹಾಲು, ಬಾಳೆಹಣ್ಣು ಎಲ್ಲವೂ ತಿಂದ ಲೆಕ್ಕಕ್ಕೇ. ಊಟವಾದ ಮೇಲೆ ಲಿವರ್‌ಗೆ ರಕ್ತದ ಹರಿವು ಹೆಚ್ಚಿ ಗಡಸುತನ ಇದ್ದದ್ದಕ್ಕಿಂತ ಜಾಸ್ತಿ ತೋರುತ್ತದೆ. ವರದಿಯಲ್ಲಿ ಹತ್ತು ಸರಿಯಾದ ಅಳತೆಗಳು ಇರಬೇಕು, ಅಳತೆಗಳ ಹರವು ಮಧ್ಯಬೆಲೆಯ ಶೇ. 30ರೊಳಗಿರಬೇಕು. ಈ ಎರಡು ಇಲ್ಲದ ವರದಿಯನ್ನು ಮತ್ತೆ ಮಾಡಿಸಲು ಕೇಳಿ. ಹೊಟ್ಟೆಯಲ್ಲಿ ನೀರಿದ್ದರೆ ಈ ಅಳತೆಯನ್ನು ನಂಬುವಂತಿಲ್ಲ. ದಪ್ಪ ಮೈಯವರಿಗೆ ಎಕ್ಸ್‌ಎಲ್ ಪ್ರೋಬ್ ಬೇಕು.

ಬಯಾಪ್ಸಿ ಎಂದರೆ ಬಲ ಪಕ್ಕೆಲುಬುಗಳ ನಡುವಿನಿಂದ ಸೂಜಿ ಹಾಕಿ ಸುಮಾರು 2 ಸೆಂಟಿಮೀಟರ್ ಉದ್ದದ ಎಳೆ ತೆಗೆಯುವುದು. ಇಡೀ ಲಿವರ್‌ನ ಐವತ್ತು ಸಾವಿರದಲ್ಲಿ ಒಂದು ಭಾಗವಷ್ಟೇ ಅದು. ಎಳೆ ಚಿಕ್ಕದಾದರೆ ಓದು ತಪ್ಪುತ್ತದೆ, ನಿಮ್ಮನ್ನು ಮತ್ತೆ ಚುಚ್ಚಬೇಕಾಗಬಹುದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ತಾವಾಗಿ ನಿಲ್ಲಿಸಬಾರದು. ಆದ ಮೇಲೆ ಕೆಲವು ಗಂಟೆ ಮಲಗಿರಬೇಕು. ಬಲ ಭುಜದ ಹತ್ತಿರ ನೋವು ಬರಬಹುದು, ಅದು ಸಾಮಾನ್ಯ. ತಲೆಸುತ್ತು, ಬೆವರು, ಏರುತ್ತಿರುವ ಹೊಟ್ಟೆನೋವು ಕಂಡರೆ ಒಳಗೆ ರಕ್ತ ಸೋರುತ್ತಿರಬಹುದು, ಕೂಡಲೇ ಹೇಳಿ. ಜೀವಕ್ಕೆ ಎರವಾಗುವುದು ಅಪರೂಪ, ಸುಮಾರು ಹತ್ತು ಸಾವಿರಕ್ಕೊಂದು. ಆದರೆ ಆ ಸಂಖ್ಯೆಯನ್ನು ನಿಮಗೆ ಹೇಳಲೇಬೇಕು.

ಕೊಲೊನೋಸ್ಕೋಪಿಗೆ ಎರಡು ಮೂರು ದಿನ ಮೊದಲಿಂದ ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಸೀಬೆಹಣ್ಣು, ಟೊಮೇಟೊ ಬಿಡಿ. ಬಿಳಿ ಅನ್ನ, ಮಜ್ಜಿಗೆ, ಇಡ್ಲಿ ಆಗಬಹುದು. ಭೇದಿ ದ್ರಾವಣವನ್ನು ಒಂದೇ ಸಲ ಕುಡಿಯದೆ ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಕುಡಿದರೆ ಕರುಳು ಹೆಚ್ಚು ಸ್ವಚ್ಛವಾಗುತ್ತದೆ. ಕೊನೆಗೆ ಬರುವುದು ತಿಳಿ ಹಳದಿ ನೀರಿನಂತಿರಬೇಕು. ಗಸಿ ಇದ್ದರೆ ಇಡೀ ಪರೀಕ್ಷೆ ವ್ಯರ್ಥ.

ಕೊಲೊನೋಸ್ಕೋಪಿಯ ವಿಡಿಯೊವನ್ನು ಬೇರೆ ಊರಿನ ತಜ್ಞರಿಗೆ ಯಾಕೆ ಕಳಿಸುತ್ತಾರೆ ಎಂದೂ ಕೇಳುತ್ತಾರೆ. ಅಲ್ಸರೇಟಿವ್ ಕೊಲೈಟಿಸ್‌ನ ಮೆಸಲಮೈನ್ ಟ್ರಯಲ್ ಒಂದರಲ್ಲಿ, ಆಯಾ ಆಸ್ಪತ್ರೆಯವರು ಅರ್ಹರೆಂದು ಸೇರಿಸಿದ ರೋಗಿಗಳಲ್ಲಿ ಶೇ. 31 ಮಂದಿಗೆ ಅಷ್ಟು ಉರಿಯೂತವೇ ಇಲ್ಲ ಎಂದು ವಿಡಿಯೊ ನೋಡಿದ ಹೊರಗಿನ ತಜ್ಞರು ಹೇಳಿದರು. ಅವರನ್ನು ಬಿಟ್ಟು ಲೆಕ್ಕ ಹಾಕಿದಾಗ ಪ್ಲಸಿಬೊದ ಯಶಸ್ಸು ಶೇ. 20.6ರಿಂದ 13.8ಕ್ಕೆ ಇಳಿಯಿತು, ಔಷಧದ ಪರಿಣಾಮ ಎದ್ದು ಕಂಡಿತು. ಕಾಯಿಲೆ ಇಲ್ಲದವರನ್ನು ಸೇರಿಸಿದರೆ ಒಳ್ಳೆಯ ಔಷಧವೂ ಸೋಲುತ್ತದೆ.

ಟ್ರಯಲ್ ನಡುವೆ ಲಿವರ್ ಎಂಜೈಮ್ ಏರಿದರೆ?

ಈ ಪುಟದಲ್ಲಿ ಎಲ್ಲಕ್ಕಿಂತ ಎಚ್ಚರದಿಂದ ಓದಬೇಕಾದ ಉತ್ತರ ಇದು. ಎಎಲ್‌ಟಿ ಸಾಮಾನ್ಯ ಮಿತಿಯ ಮೂರು ಪಟ್ಟು, ಜೊತೆಗೆ ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣ ತರುವ ಅಂಶ) ಎರಡು ಪಟ್ಟು ದಾಟಿ, ಪಿತ್ತನಾಳದ ಅಡೆತಡೆಯಂಥ ಬೇರೆ ಕಾರಣ ಇಲ್ಲದಿದ್ದರೆ ಅದು ಕೆಂಪು ದೀಪ. ಔಷಧದಿಂದ ಇಷ್ಟರಮಟ್ಟಿಗೆ ಹಾನಿಯಾದವರಲ್ಲಿ ಸುಮಾರು ಹತ್ತರಲ್ಲೊಬ್ಬರು ಸಾಯಬಹುದು ಅಥವಾ ಅವರಿಗೆ ಕಸಿ ಬೇಕಾಗಬಹುದು ಎಂಬುದು ಅಮೆರಿಕದ ವೈದ್ಯ ಹೈಮನ್ ಝಿಮ್ಮರ್‌ಮನ್ ಗಮನಿಸಿದ ಸಂಗತಿ. ಅದನ್ನು ಅವರ ಹೆಸರಿನಿಂದಲೇ ಹೈಸ್ ಲಾ ಎನ್ನುತ್ತಾರೆ. ಕಾಯಿಲೆಯಿಂದಲೇ ಎಎಲ್‌ಟಿ ಏರಿರುವವರಿಗೆ ಮಿತಿಯನ್ನು ಅವರ ಮೊದಲ ಅಳತೆಗೆ ಹೋಲಿಸಿ ಇಡುತ್ತಾರೆ. ಆದ್ದರಿಂದ ಟ್ರಯಲ್ ಶುರುವಾಗುವ ಮುಂಚಿನ ನಿಮ್ಮ ವರದಿಗಳು ಬಹಳ ಮುಖ್ಯ.

ಈ ಕಟ್ಟುನಿಟ್ಟಿನ ಹಿಂದೆ ಒಂದು ದುರಂತವಿದೆ. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹೆಪಟೈಟಿಸ್ ಬಿ ಇದ್ದ 15 ಜನರಿಗೆ ಫಿಯಾಲುರಿಡಿನ್ ಎಂಬ ಔಷಧ ಕೊಟ್ಟರು. ಪ್ರಾಣಿಗಳಲ್ಲಿ ಈ ಅಪಾಯ ಗುರುತಾಗಿರಲಿಲ್ಲ. ಎರಡು ತಿಂಗಳು ದಾಟಿದ ಮೇಲೆ ಏಳು ಜನರ ಲಿವರ್ ಕುಸಿಯಿತು. ಐವರು ತೀರಿಕೊಂಡರು, ಇಬ್ಬರು ಕಸಿಯಿಂದ ಉಳಿದರು. ಔಷಧ ನಿಲ್ಲಿಸಿದ ಮೇಲೂ ಹಾನಿ ಮುಂದುವರಿಯಿತು, ಏಕೆಂದರೆ ಅದು ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಡಿಎನ್‌ಎ ಒಳಗೆ ಸೇರಿಕೊಂಡಿತ್ತು. ವಾಕರಿಕೆ, ಸುಸ್ತು, ಕೈಕಾಲು ಜೋಮು, ಹಸಿವಿಲ್ಲದಿರುವುದು ಇಂಥ ಮಾಮೂಲಿ ಲಕ್ಷಣಗಳನ್ನೂ ಟ್ರಯಲ್ ಸಂಯೋಜಕರು ಬರೆದುಕೊಳ್ಳುವುದು ಇದಕ್ಕೇ. “ಗ್ಯಾಸ್ ಇರಬೇಕು” ಎಂದು ನೀವೇ ತೀರ್ಮಾನಿಸಿ ಮುಂದಿನ ಭೇಟಿವರೆಗೆ ಸುಮ್ಮನಿರಬೇಡಿ, ಅಂದೇ ಫೋನ್ ಮಾಡಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಏನು ನೋಡಬೇಕು?

ಪತ್ರ ನಿಮಗೆ ಬರುವ ಭಾಷೆಯಲ್ಲಿರಬೇಕು. ಕನ್ನಡದ ಪ್ರತಿ ಸಾಮಾನ್ಯವಾಗಿ ಇರುತ್ತದೆ, ಆದರೆ ಎಷ್ಟೋ ಸಲ ಅದರ ಕನ್ನಡ ಗಂಟಲಲ್ಲಿ ಇಳಿಯುವುದಿಲ್ಲ. “ಯಾದೃಚ್ಛಿಕ ಹಂಚಿಕೆ” ಎಂದು ಬರೆದಿದ್ದರೆ “ಅಂದರೆ ಏನು, ಬಾಯಲ್ಲಿ ಹೇಳಿ” ಅನ್ನಿ. ಮನೆಗೆ ಒಯ್ದು ಓದಿ ನಾಳೆ ಬರುತ್ತೇನೆ ಎನ್ನಲು ಸಂಕೋಚ ಬೇಡ. ಓದುಬರಹ ಬಾರದವರಿಗೆ ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯೊಬ್ಬರು ಉದ್ದಕ್ಕೂ ಹಾಜರಿದ್ದು ಸಹಿ ಹಾಕಬೇಕು. ಪತ್ರದಲ್ಲಿ ನಿಮ್ಮ ವೃತ್ತಿ, ವಾರ್ಷಿಕ ಆದಾಯ, ನಾಮಿನಿಯ ಹೆಸರು ಕೇಳುತ್ತಾರೆ. ನಾಮಿನಿಯ ಸಾಲನ್ನು ಖಾಲಿ ಬಿಡಬೇಡಿ. ಸಹಿಯಾದ ಪ್ರತಿಯೊಂದು ನಿಮ್ಮ ಕೈಗೆ ಬರಬೇಕು.

ಲಿವರ್ ರೋಗಿಗಳದ್ದೇ ಆದ ಒಂದು ಕಷ್ಟವಿದೆ. ಸಿರೋಸಿಸ್‌ನಲ್ಲಿ ಮೆದುಳಿಗೆ ಮಂಕು ಕವಿದಾಗ ರೋಗಿ ಮಾತಾಡುತ್ತಾ ಇರಬಹುದು, ಆದರೆ ಅರ್ಥಮಾಡಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ. ಆಗ ಕಾನೂನುಬದ್ಧ ಪ್ರತಿನಿಧಿ ಒಪ್ಪಿಗೆ ಕೊಡಬಹುದು. ರೋಗಿ ತಿಳಿಯಾದ ಮೇಲೆ ಅವರಿಂದಲೇ ಮತ್ತೆ ಒಪ್ಪಿಗೆ ಪಡೆಯಬೇಕು. ಈ ಎರಡನೇ ಸಹಿಯನ್ನು ಕೇಳಲು ಮನೆಯವರು ಮರೆಯಬಾರದು.

ಹಾನಿಯಾದರೆ ಯಾರು ಹೊಣೆ? ಹಣ ಎಷ್ಟು?

ಟ್ರಯಲ್ ಸಮಯದಲ್ಲಿ ತೊಂದರೆಯಾದರೆ ಚಿಕಿತ್ಸೆ ಉಚಿತ. ವೈದ್ಯರಿಗೆ ಅಗತ್ಯವೆನಿಸುವವರೆಗೆ, ಅಥವಾ ತೊಂದರೆ ಟ್ರಯಲ್‌ನಿಂದ ಅಲ್ಲವೆಂದು ಖಚಿತವಾಗುವವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ಪ್ರಾಯೋಜಕರೇ (ಟ್ರಯಲ್ ನಡೆಸುವ ಕಂಪನಿ ಅಥವಾ ಸಂಸ್ಥೆ) ನೋಡಿಕೊಳ್ಳಬೇಕು. ಗಂಭೀರ ಘಟನೆಯನ್ನು ವೈದ್ಯರು 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೂ ಪ್ರಾಯೋಜಕರಿಗೂ ಎಥಿಕ್ಸ್ ಕಮಿಟಿಗೂ ತಿಳಿಸಬೇಕು.

ಟ್ರಯಲ್‌ನಿಂದಲೇ ಸಾವಾದರೆ ಪರಿಹಾರಕ್ಕೆ ಸೂತ್ರವಿದೆ. 8 ಲಕ್ಷ ರೂಪಾಯಿಯನ್ನು ವಯಸ್ಸಿನ ಅಂಶದಿಂದಲೂ ಅಪಾಯದ ಅಂಶದಿಂದಲೂ ಗುಣಿಸಿ 99.37ರಿಂದ ಭಾಗಿಸುತ್ತಾರೆ. 50 ವರ್ಷದವರ ವಯಸ್ಸಿನ ಅಂಶ 153.09. ಕಾಯಿಲೆಯಿಂದ ಮಧ್ಯಮ ಅಪಾಯವಿದ್ದವರಾದರೆ ಅಪಾಯದ ಅಂಶ 2. ಲೆಕ್ಕ ಹಾಕಿದರೆ ಸುಮಾರು 24.6 ಲಕ್ಷ. ಆರು ತಿಂಗಳೂ ಬದುಕುವುದು ಅನುಮಾನ ಎನ್ನುವಷ್ಟು ಕಾಯಿಲೆ ಬಲಿತಿದ್ದವರಿಗೆ ಅಪಾಯದ ಅಂಶ 0.5. 65 ದಾಟಿದ ಅಂಥವರ ಕುಟುಂಬಕ್ಕೆ 4 ಲಕ್ಷ. ಮೂವತ್ತು ದಿನದೊಳಗೆ ಸಾಯುವ ಸಾಧ್ಯತೆ ಶೇ. 90 ಅಥವಾ ಹೆಚ್ಚಿದ್ದವರಿಗೆ ಗೊತ್ತುಪಡಿಸಿದ 2 ಲಕ್ಷ. ಕೊನೆಯ ಹಂತದ ಲಿವರ್ ರೋಗಿಗಳು ಬೀಳುವುದು ಈ ಕಡಿಮೆ ಮೊತ್ತದ ಸಾಲುಗಳಲ್ಲೇ. ಜೀವಕ್ಕೆ ಹೀಗೆ ದರ್ಜೆ ಕಟ್ಟುವುದು ನಮಗೆ ಸರಿಕಾಣುವುದಿಲ್ಲ, ಆದರೆ ನಿಯಮ ಇರುವುದು ಹೀಗೆ, ತಿಳಿದೇ ಸಹಿ ಹಾಕಿ. ಇರುವ ಚಿಕಿತ್ಸೆಯನ್ನು ತಪ್ಪಿಸಿ ಪ್ಲಸಿಬೊ ಕೊಟ್ಟದ್ದರಿಂದ ಹಾನಿಯಾದರೂ ಪರಿಹಾರ ಸಿಗುತ್ತದೆ.

ಓಡಾಟದ ಖರ್ಚು ಬೇರೆ. ಬಸ್ ಟಿಕೆಟ್ಟು, ಊಟ, ಕೂಲಿ ತಪ್ಪಿದ ದಿನ ಇವುಗಳಲ್ಲಿ ಯಾವುದನ್ನು ಎಷ್ಟು ಕೊಡುತ್ತಾರೆ ಎಂಬುದು ಪತ್ರದಲ್ಲೇ ಬರೆದಿರಬೇಕು.

ನಡುವೆ ಬಿಡಬಹುದೇ?

ಯಾವಾಗ ಬೇಕಾದರೂ, ಕಾರಣ ಹೇಳದೆ. ನಿಮ್ಮ ಮಾಮೂಲಿ ಚಿಕಿತ್ಸೆಗೆ ಅದರಿಂದ ಅಡ್ಡಿಯಾಗಬಾರದು. ಆದರೆ ಸುಮ್ಮನೆ ಬರುವುದನ್ನು ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು, ಮುಖ್ಯವಾಗಿ ಹೆಪಟೈಟಿಸ್ ಬಿ ಔಷಧಗಳನ್ನು, ಥಟ್ಟನೆ ಬಿಟ್ಟರೆ ವೈರಸ್ ಭುಗಿಲೇಳುತ್ತದೆ. ಮಾತ್ರೆ ಬಿಡುತ್ತೇನೆ, ತಪಾಸಣೆಗೆ ಮಾತ್ರ ಬರುತ್ತೇನೆ ಎಂದೂ ಹೇಳಬಹುದು. ಸಂಶೋಧನೆಗೂ ಅದು ದೊಡ್ಡ ಉಪಕಾರ, ಏಕೆಂದರೆ ಅಡ್ಡಪರಿಣಾಮ ತಾಳದೆ ಬಿಟ್ಟವರೆಲ್ಲ ಲೆಕ್ಕದಿಂದ ಮಾಯವಾದರೆ ಉಳಿದವರನ್ನು ನೋಡಿ ಔಷಧ ಸಲೀಸು ಎಂಬ ತಪ್ಪು ತೀರ್ಮಾನ ಹೊರಬೀಳುತ್ತದೆ.

ಮಾತ್ರೆ ನುಂಗದೆ ನುಂಗಿದ್ದೇನೆ ಎನ್ನುವುದಂತೂ ಬೇಡ. ಉಳಿದ ಮಾತ್ರೆಗಳನ್ನು ಪಟ್ಟಿಯ ಸಮೇತ ವಾಪಸು ಒಯ್ಯಿರಿ, ಎಣಿಸುತ್ತಾರೆ. ಮರೆತ ದಿನವನ್ನು ಮರೆತೆ ಎಂದೇ ಬರೆಸಿ.

ಗರ್ಭಿಣಿಯರು ಸೇರಬಹುದೇ?

ಬಹುತೇಕ ಔಷಧ ಟ್ರಯಲ್‌ಗಳಲ್ಲಿ ಇಲ್ಲ. ಗರ್ಭನಿರೋಧಕ ಬಳಸುವ ಷರತ್ತು ಗಂಡಸರಿಗೂ ಇರಬಹುದು, ಓದಿ ನೋಡಿ.

ಹೆಪಟೈಟಿಸ್ ಬಿ, ಸಿ ಔಷಧಕ್ಕೆ ಟ್ರಯಲ್‌ಗೇ ಸೇರಬೇಕೇ?

ಬೇಕಿಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಔಷಧ ಉಚಿತ. ಹೆಪಟೈಟಿಸ್ ಸಿ ಬಹುಮಂದಿಗೆ 12 ವಾರದ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಔಷಧ ಸಿಗುವುದಿಲ್ಲವೆಂಬ ಭಯದಿಂದ ಯಾರೂ ಟ್ರಯಲ್‌ಗೆ ಸಹಿ ಹಾಕಬಾರದು.

ಟ್ರಯಲ್ ಮುಗಿದ ಮೇಲೆ ಆ ಔಷಧ ಸಿಗುತ್ತದೆಯೇ?

ಆ ಕಾಯಿಲೆಗೆ ಬೇರೆ ಚಿಕಿತ್ಸೆ ಇಲ್ಲದಿದ್ದು, ಔಷಧದಿಂದ ನಿಮಗೆ ಗುಣವಾಗಿದ್ದು, ವೈದ್ಯರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ ಒಪ್ಪಿದರೆ ಪ್ರಾಯೋಜಕರು ಉಚಿತವಾಗಿ ಕೊಡಬೇಕು ಎಂದು 2019ರ ನಿಯಮ ಹೇಳುತ್ತದೆ. ನೀವೂ ಬರಹದಲ್ಲಿ ಒಪ್ಪಬೇಕು. ಇದನ್ನು ಕೊನೆಯ ಭೇಟಿಯಲ್ಲಿ ಕೇಳಿದರೆ ತಡವಾಗುತ್ತದೆ, ಸೇರುವಾಗಲೇ ಕೇಳಿ.

ನಿಮಗೆ ಬಂದದ್ದು ಔಷಧವೋ ಪ್ಲಸಿಬೊವೋ ಎಂಬುದು ಕೊನೆಯ ರೋಗಿಯ ಅವಧಿ ಮುಗಿದು ಲೆಕ್ಕ ತೆರೆದ ಮೇಲೆಯೇ ತಿಳಿಯುವುದು, ಕೆಲವೊಮ್ಮೆ ಒಂದೆರಡು ವರ್ಷ. ಅಲ್ಲಿಯವರೆಗೆ ಕಾಯದೆ ನಿಮ್ಮ ಫೈಬ್ರೊಸ್ಕ್ಯಾನ್, ರಕ್ತದ ವರದಿ, ಎಂಡೋಸ್ಕೋಪಿ ಚಿತ್ರ, ಬಯಾಪ್ಸಿ ವರದಿಗಳ ಪ್ರತಿಗಳನ್ನು ಕೇಳಿ ಪಡೆದುಕೊಳ್ಳಿ. ಬಯಾಪ್ಸಿಯ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕ್ ಎಲ್ಲಿದೆ ಎಂದೂ ಬರೆದಿಟ್ಟುಕೊಳ್ಳಿ. ಐದು ವರ್ಷದ ನಂತರ ಬೇರೆ ವೈದ್ಯರು ನಾರು ಹೆಚ್ಚಿದೆಯೋ ತಗ್ಗಿದೆಯೋ ಎಂದು ಹೇಳಬೇಕಾದಾಗ ಹೋಲಿಸಲು ಬೇಕಾಗುವುದು ಅದೇ.